ಲೋಕಲ್ ಅಂದ್ರೆ ಎಲ್ಲಿಯದು?

ಬೈಕಿನ ಬ್ರೇಕ್ ಸವೆದಿದೆ ಅಂತ ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಮೊದಲು ಕೇಳುವ ಪ್ರಶ್ನೆ ಇದು: ‘ಕಂಪನಿದು ಹಾಕ್ಲಾ ಸಾರ್, ಲೋಕಲ್ ಹಾಕ್ಲಾ?’ ಇದಕ್ಕೆ ನಾವ್ಯಾರೂ ‘ಲೋಕಲ್ ಅಂದ್ರೆ ಯಾವ ಊರಿಂದಪ್ಪಾ?’ ಅಂತ ತಿರುಗಿ ಕೇಳುವುದಿಲ್ಲ. ಅರ್ಥ ಎಲ್ಲರಿಗೂ ಗೊತ್ತಿದೆ. ಲೋಕಲ್ ಅಂದರೆ ಅಗ್ಗದ್ದು, ಗ್ಯಾರಂಟಿ ಇಲ್ಲದ್ದು, ಆರು ತಿಂಗಳಿಗೆ ಮತ್ತೆ ಬರಬೇಕಾಗುವಂಥದ್ದು.

ಇದು ಬರೀ ಸ್ಪೇರ್ ಪಾರ್ಟಿನ ಮಾತಾಗಿದ್ದರೆ ಇದರ ಬಗ್ಗೆ ಬರೆಯುವ ಅಗತ್ಯ ಇರಲಿಲ್ಲ. ಆದರೆ ಒಂದು ದಿನ ಸುಮ್ಮನೆ ಕಿವಿ ಕೊಟ್ಟು ನೋಡಿ, ಈ ಪದ ಎಲ್ಲೆಲ್ಲಿ ಬರುತ್ತದೆ ಅಂತ. ಲೋಕಲ್ ಚಾರ್ಜರ್, ಲೋಕಲ್ ಶೂ, ಲೋಕಲ್ ಎಣ್ಣೆ. ಅಲ್ಲಿಂದ ಮುಂದಕ್ಕೆ ಲೋಕಲ್ ಕಾಲೇಜು, ಲೋಕಲ್ ಏರಿಯಾ, ಲೋಕಲ್ ಹುಡುಗರು. ಇನ್ನೂ ಮುಂದಕ್ಕೆ ‘ಅವನ ಟೇಸ್ಟೇ ಲೋಕಲ್ ಕಣೇ’, ‘ಫೋಟೋಗೆ ಈ ಥರ ಪೋಸ್ ಕೊಡ್ಬೇಡ, ತುಂಬಾ ಲೋಕಲ್ ಅನ್ಸುತ್ತೆ’. ವಸ್ತುವಿನಿಂದ ಶುರುವಾಗಿ ಜಾಗ, ಜಾಗದಿಂದ ಮನುಷ್ಯ, ಮನುಷ್ಯನಿಂದ ಅವನ ನಡೆ, ನುಡಿ, ರುಚಿ. ಒಂದೇ ಗುಣವಾಚಕ ಎಲ್ಲದರ ಮೇಲೂ ಕೂತು, ಎಲ್ಲದರ ಬೆಲೆಯನ್ನೂ ಒಂದೇ ಸಮ ಇಳಿಸಿಬಿಡುತ್ತದೆ.

ತಮಾಷೆ ಅಂದರೆ, ಇದೇ ಪದವನ್ನು ನಾವು ಆಫೀಸಿನಲ್ಲಿ ಪ್ರೀತಿಯಿಂದ ಬಳಸುತ್ತೇವೆ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಟೆಸ್ಟರ್ ಬಗ್ ಇದೆ ಅಂದ ತಕ್ಷಣ ಡೆವಲಪರ್ ಬಾಯಲ್ಲಿ ಬರುವ ಮಾತೇ ‘ನನ್ನ ಲೋಕಲ್‌ನಲ್ಲಿ ಸರಿಯಾಗೇ ಓಡ್ತಿದೆಯಲ್ಲ!’ ಕಂಪ್ಯೂಟರಿನ ಭಾಷೆಯಲ್ಲಿ ಲೋಕಲ್ ಅಂದರೆ ನನ್ನದೇ ಯಂತ್ರ, ನನ್ನ ಕೈಯಳತೆಯ ಜಾಗ. ಲೋಕಲ್‌ಹೋಸ್ಟ್‌ನ ವಿಳಾಸ 127.0.0.1, ಪ್ರತಿಯೊಂದು ಯಂತ್ರವೂ ತನ್ನನ್ನು ತಾನು ಕರೆದುಕೊಳ್ಳುವ ಹೆಸರು ಅದು. ಅಲ್ಲಿ ಎಲ್ಲವೂ ನಡೆಯುತ್ತದೆ, ಹೊರಗೆ ಹೋದ ಮೇಲೆಯೇ ಕೆಡುವುದು. ಬೆಳಗ್ಗೆ ಹತ್ತಕ್ಕೆ ನಂಬಿಕೆಯ ಪದವಾಗಿದ್ದದ್ದು ಸಂಜೆ ಏಳಕ್ಕೆ, ಅದೇ ಬಾಯಲ್ಲಿ, ಬೈಗುಳವಾಗುತ್ತದೆ.

ಪದದ ತಪ್ಪಂತೂ ಇಲ್ಲ. ಲ್ಯಾಟಿನ್ನಿನ ‘ಲೋಕಸ್’ ಅಂದರೆ ಜಾಗ. ಅದರಿಂದ ಹುಟ್ಟಿದ ‘ಲೋಕಲ್’ ಅಂದರೆ ಜಾಗಕ್ಕೆ ಸೇರಿದ್ದು, ಒಂದು ಜಾಗಕ್ಕೆ ಸೀಮಿತವಾದದ್ದು. ಹಲ್ಲಿನ ಡಾಕ್ಟರು ಲೋಕಲ್ ಅನಸ್ತೇಸಿಯಾ ಕೊಡುತ್ತೇನೆ ಅಂದಾಗ ಕಳಪೆ ಇಂಜೆಕ್ಷನ್ ಅಂತ ಯಾರೂ ಹೆದರುವುದಿಲ್ಲ. ಆ ದವಡೆಯಷ್ಟೇ ಮರಗಟ್ಟುತ್ತದೆ ಅಂತ ಅರ್ಥ. ಮುಂಬೈಯವರಿಗೆ ಲೋಕಲ್ ಅಂದರೆ ರೈಲು, ಊರಿನ ಜೀವನಾಡಿ. ಇಂಗ್ಲೆಂಡಿನವರು ತಮ್ಮ ಬೀದಿಯ ಪಬ್ಬಿಗೆ ಬರೀ ‘ದ ಲೋಕಲ್’ ಅಂತಾರೆ, ನಾವು ‘ನಮ್ಮ ಹೋಟ್ಲು’ ಅನ್ನುವಷ್ಟೇ ಸಲುಗೆಯಿಂದ. ಯಾರನ್ನಾದರೂ ಹಳ್ಳಿಗುಗ್ಗು ಅಂತ ಹೀಯಾಳಿಸಬೇಕಾದಾಗ ಇಂಗ್ಲಿಷಿನವರು ಬೇರೆ ಪದ ಹುಡುಕುತ್ತಾರೆ: ಪ್ರೊವಿನ್ಶಿಯಲ್, ಪರೋಕಿಯಲ್, ಹೀಗೆ. ಲೋಕಲ್ ಪದಕ್ಕೆ ಆ ಕೆಲಸ ಹಚ್ಚಿದವರು ಮುಖ್ಯವಾಗಿ ನಾವು, ಭಾರತದ ಪೇಟೆ ಪಟ್ಟಣಗಳವರು.

ಯಾಕೆ ಹೀಗಾಯಿತು? ನನ್ನದೊಂದು ಊಹೆ ಇದೆ. ತೊಂಬತ್ತರ ದಶಕದ ಫೋನ್ ಬೂತು ನೆನಪಿದೆಯಾ? ಹಳದಿ ಬೋರ್ಡು, ಗಾಜಿನ ಬಾಗಿಲು, ಒಳಗೆ ಬೆವರು. ಲೋಕಲ್ ಕಾಲ್‌ಗೆ ಒಂದು ರೂಪಾಯಿ ನಾಣ್ಯ ಸಾಕು. ಎಸ್‌ಟಿಡಿ ಮಾಡಿದರೆ ಮೀಟರು ಟಿಕ್ ಟಿಕ್ ಅಂತ ಓಡುತ್ತಿತ್ತು. ಐಎಸ್‌ಡಿ ಮಾಡುವವರು ಬಂದರೆ ಬೂತಿನವನೇ ಎದ್ದು ಬಾಗಿಲು ತೆಗೆಯುತ್ತಿದ್ದ. ಹತ್ತಿರದ್ದು ಅಗ್ಗ, ದೂರದ್ದು ದುಬಾರಿ, ಕಡಲಾಚೆಯದ್ದು ಮರ್ಯಾದೆ. ದೂರ ಮತ್ತು ದುಡ್ಡು ಒಂದೇ ಮೀಟರಿನಲ್ಲಿ ಏರುವುದನ್ನು ನೋಡುತ್ತ ಬೆಳೆದವರಿಗೆ ‘ಹತ್ತಿರದ್ದು’ ಅನ್ನುವ ಪದಕ್ಕೆ ‘ಕಮ್ಮಿಯದು’ ಅನ್ನುವ ಅರ್ಥ ಅಂಟಿಕೊಂಡಿದ್ದರೆ ಆಶ್ಚರ್ಯ ಇಲ್ಲ.

ಆದರೆ ಈ ಊಹೆಯೂ ಪೂರ್ತಿ ಸಾಲದು. ಯಾಕೆಂದರೆ ನಾವು ಲೋಕಲ್ ಅನ್ನುವ ಮಾಲು ಎಷ್ಟೋ ಸಲ ಹತ್ತಿರದ್ದೇ ಆಗಿರುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ ನೂರೈವತ್ತು ರೂಪಾಯಿಗೆ ಸಿಗುವ ‘ಲೋಕಲ್’ ಚಾರ್ಜರು ಹೆಚ್ಚಾಗಿ ಚೀನಾದಿಂದ ಹಡಗು ಹತ್ತಿ ಬಂದದ್ದು. ಅದನ್ನು ಚುಚ್ಚುವ ಐಫೋನು ಕೋಲಾರದ ನರಸಾಪುರದಲ್ಲಿ ಜೋಡಣೆಯಾಗಿರಬಹುದು. ವಿಧಾನಸೌಧದಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಅಕ್ಕಪಕ್ಕದ ತಾಲೂಕುಗಳ ಹುಡುಗಿಯರು ಕೈಯಾರೆ ಜೋಡಿಸಿದ ಆ ಫೋನನ್ನು ಲೋಕಲ್ ಫೋನ್ ಅಂತ ಕರೆದವರನ್ನು ನಾನು ಕಂಡಿಲ್ಲ. ಸಾವಿರಾರು ಮೈಲಿ ದಾಟಿ ಬಂದದ್ದು ಲೋಕಲ್, ಪಕ್ಕದ ಜಿಲ್ಲೆಯಲ್ಲಿ ತಯಾರಾದದ್ದು ಕಂಪನಿ! ಅಲ್ಲಿಗೆ ಒಂದು ಸಂಗತಿ ಸ್ಪಷ್ಟ. ನಮ್ಮ ಲೋಕಲ್‌ಗೂ ಜಾಗಕ್ಕೂ ಸಂಬಂಧವೇ ತಪ್ಪಿಹೋಗಿದೆ. ಎಲ್ಲಿಯದು ಅಂತ ಗೊತ್ತಿಲ್ಲದ, ಮೈಮೇಲೆ ಹೆಸರಿಲ್ಲದ, ಕೆಟ್ಟರೆ ಯಾರನ್ನೂ ಕೇಳುವಂತಿಲ್ಲದ ಮಾಲಿಗೆ ‘ಜಾಗಕ್ಕೆ ಸೇರಿದ್ದು’ ಅನ್ನುವ ಪದವನ್ನು ಕೊಟ್ಟು ಕೂತಿದ್ದೇವೆ. ವಿಳಾಸವಿಲ್ಲದ್ದಕ್ಕೆ ವಿಳಾಸದ ಹೆಸರು.

ಇದರ ಪಕ್ಕದಲ್ಲೇ ಇನ್ನೊಂದು ಇಂಗ್ಲಿಷ್ ಪದವಿಟ್ಟು ನೋಡಿ. ‘ನೇಟಿವ್’. ಬ್ರಿಟಿಷರ ಬಾಯಲ್ಲಿ ಇದು ಒಳ್ಳೆಯ ಪದವಾಗಿರಲಿಲ್ಲ. ಸೈನ್ಯದಲ್ಲಿ ನೇಟಿವ್ ಇನ್‌ಫೆಂಟ್ರಿ ಅಂದರೆ ಬಿಳಿಯ ಅಧಿಕಾರಿಯ ಕೈಕೆಳಗೆ ಭಾರತದ ಸಿಪಾಯಿ. 1809ರಲ್ಲಿ ಬೆಂಗಳೂರಿನಲ್ಲಿ ಕಂಟೋನ್ಮೆಂಟ್ ಎದ್ದಾಗ ಅತ್ತ ಅಗಲ ರಸ್ತೆ, ಬಂಗಲೆ, ಪೆರೇಡ್ ಮೈದಾನ. ಇತ್ತ ನಮ್ಮ ಪೇಟೆ, ನೇಟಿವ್‌ಗಳ ಊರು. ಎರಡನ್ನೂ ಒಂದೇ ಕಾರ್ಪೊರೇಷನ್ ಅಡಿ ತರಲು 1949ರವರೆಗೆ ಕಾಯಬೇಕಾಯಿತು. ಅಷ್ಟು ಕಹಿಯಿದ್ದ ಪದವನ್ನು ನಾವು ಏನು ಮಾಡಿದೆವು? ‘ನಿಮ್ಮ ನೇಟಿವ್ ಯಾವುದು?’ ‘ಹಬ್ಬಕ್ಕೆ ನೇಟಿವ್‌ಗೆ ಹೋಗ್ತಾ ಇದೀನಿ.’ ಇಂಗ್ಲಿಷಿನ ವಿಶೇಷಣವನ್ನೇ ನಾಮಪದ ಮಾಡಿ, ಅದರೊಳಗೆ ಅಜ್ಜಿ ಮನೆಯನ್ನೂ ತೆಂಗಿನ ತೋಟವನ್ನೂ ಇಟ್ಟು, ಮೆಜೆಸ್ಟಿಕ್ಕಿನ ಶುಕ್ರವಾರ ರಾತ್ರಿಯ ಬಸ್ಸು ಹತ್ತಿಸಿಬಿಟ್ಟೆವು. ದೊರೆಗಳು ಕೊಳಕು ಮಾಡಿಟ್ಟಿದ್ದ ಪದವನ್ನು ತೊಳೆದು ಒಣಗಿಸಿ ಉಟ್ಟುಕೊಂಡೆವು. ದೊರೆಗಳು ತಣ್ಣಗೆ ಬಳಸುತ್ತಿದ್ದ ಲೋಕಲ್ ಪದವನ್ನು ಮಾತ್ರ ನಾವೇ ಕೊಳಕು ಮಾಡಿದೆವು.

ಈ ಎರಡರ ನಡುವಿನ ವ್ಯತ್ಯಾಸ ಗಮನಿಸಬೇಕಾದ್ದು. ನೇಟಿವ್ ಅನ್ನುವುದನ್ನು ನಾವು ನಮ್ಮ ಬಗ್ಗೆ ಹೇಳಿಕೊಳ್ಳುತ್ತೇವೆ. ಲೋಕಲ್ ಅನ್ನುವುದನ್ನು ಇನ್ನೊಬ್ಬರ ಬಗ್ಗೆ ಹೇಳುತ್ತೇವೆ.

ಇನ್ನೊಬ್ಬರ ಬಗ್ಗೆ ಹೇಳಿದಾಗ ಏನಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ನನ್ನ ಪಕ್ಕದ ಡೆಸ್ಕಿನಲ್ಲಿ ಕೊಳ್ಳೇಗಾಲದ ಕಡೆಯ ಹುಡುಗನೊಬ್ಬ ಇದ್ದ. ಡೇಟಾಬೇಸ್ ಅವನಿಗೆ ಅಂಗೈ ಗೆರೆ ಇದ್ದ ಹಾಗೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಎಲ್ಲರೂ ಎಬ್ಬಿಸುತ್ತಿದ್ದದ್ದು ಅವನನ್ನೇ. ಅವನ ಇಂಗ್ಲಿಷಿನಲ್ಲಿ ಅವನ ಊರಿನ ಧಾಟಿ ಇತ್ತು. ಹೇಳಬೇಕಾದ್ದನ್ನು ಸುತ್ತಿ ಬಳಸದೆ ಹೇಳುತ್ತಿದ್ದ, ಕೇಳಿದವರಿಗೆ ಅರ್ಥವೂ ಆಗುತ್ತಿತ್ತು. ಆ ವರ್ಷದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಹೇಳಿದರಂತೆ: ‘ಟೆಕ್ನಿಕಲಿ ನೀನು ತುಂಬಾ ಸ್ಟ್ರಾಂಗ್. ಕಮ್ಯುನಿಕೇಶನ್ ಮಾತ್ರ ಸ್ವಲ್ಪ ಲೋಕಲ್.’

ಅವನು ಬಂದು ಕೂತವನೇ ನನ್ನನ್ನು ಕೇಳಿದ: ‘ಸ್ವಲ್ಪ ಲೋಕಲ್ ಅಂದ್ರೆ ಏನ್ ಮಾಡ್ಬೇಕು ಅಂತ ಅರ್ಥ ಸಾರ್?’

ಉತ್ತರ ಕೊಡಲು ನೋಡಿದೆ, ಆಗಲಿಲ್ಲ. ವೇಗವಾಗಿ ಮಾತಾಡುತ್ತೀಯ ಅಂದಿದ್ದರೆ ನಿಧಾನಿಸಬಹುದಿತ್ತು. ವ್ಯಾಕರಣ ತಪ್ಪುತ್ತದೆ ಅಂದಿದ್ದರೆ ಕಲಿಯಬಹುದಿತ್ತು. ದನಿ ಕೇಳಿಸುವುದಿಲ್ಲ ಅಂದಿದ್ದರೆ ಮೈಕು ಬದಲಿಸಬಹುದಿತ್ತು. ಲೋಕಲ್ ಅಂದರೆ ತಿದ್ದಿಕೊಳ್ಳುವುದು ಯಾವುದನ್ನು? ಆ ವಿಶೇಷಣ ಅವನ ಮಾತಿನ ಯಾವ ದೋಷವನ್ನೂ ಹೇಳುವುದಿಲ್ಲ, ಅವನು ಒಂದು ಊರಿನಿಂದ ಬಂದವನು ಅಂತಷ್ಟೇ ಹೇಳುತ್ತದೆ. ಅದಕ್ಕೆ ಪರಿಹಾರ ಬೇರೆ ಕಡೆ ಹುಟ್ಟಿ ಬರುವುದೊಂದೇ. ಮುಂದಿನ ತಿಂಗಳುಗಳಲ್ಲಿ ಕ್ಲೈಂಟ್ ಕಾಲ್ ಬಂದಾಗ ಅವನು ಉತ್ತರಗಳನ್ನು ಚಾಟ್‌ನಲ್ಲಿ ಟೈಪ್ ಮಾಡುತ್ತಿದ್ದ, ಟೀಮ್ ಲೀಡ್ ಅದನ್ನು ಜೋರಾಗಿ ಓದುತ್ತಿದ್ದರು. ಥ್ಯಾಂಕ್ಯೂ ಟೀಮ್ ಲೀಡಿಗೆ ಹೋಗುತ್ತಿತ್ತು. ಆ ಕಡೆ ಕೂತಿದ್ದ ಕ್ಲೈಂಟ್ ಟೆಕ್ಸಸ್‌ನವರು. ಅವರ ಇಂಗ್ಲಿಷಿನಲ್ಲಿ ಟೆಕ್ಸಸ್ ಎದ್ದು ಕುಣಿಯುತ್ತಿತ್ತು. ಅದನ್ನು ಅರ್ಥ ಮಾಡಿಕೊಳ್ಳಲು ನಾವೆಲ್ಲ ರೆಕಾರ್ಡಿಂಗನ್ನು ಎರಡೆರಡು ಸಲ ಕೇಳುತ್ತಿದ್ದೆವು. ಅದಕ್ಕೆ ಆಕ್ಸೆಂಟ್ ಅಂತ ಹೆಸರು. ಟೆಕ್ಸಸ್‌ನ ಊರಭಾಷೆ ಆಕ್ಸೆಂಟ್, ಕೊಳ್ಳೇಗಾಲದ ಊರಭಾಷೆ ಲೋಕಲ್.

ಹೀಗಾಗಿ ಈ ಪದದ ಬಗ್ಗೆ ತಕರಾರು ತೆಗೆಯುವುದು ಬರೀ ಭಾಷೆಯ ಮಡಿವಂತಿಕೆ ಅಂತ ನನಗೆ ಅನ್ನಿಸುವುದಿಲ್ಲ. ಒಬ್ಬನ ಬಾಯಿ ಮುಚ್ಚಿಸುವಷ್ಟು ಶಕ್ತಿ ಇದಕ್ಕಿದೆ. ಅದೂ ಕಾರಣ ಕೊಡುವ ಜವಾಬ್ದಾರಿಯಿಲ್ಲದೆ.

ನ್ಯಾಯವಾಗಿ ನೋಡಿದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಬೈಸಿಕೊಂಡವರು ಬೈಗುಳವನ್ನೇ ಬಾವುಟ ಮಾಡಿಕೊಳ್ಳುವುದು ಹೊಸದಲ್ಲ. ‘ನಾವ್ ಲೋಕಲ್ ಗುರೂ’ ಅನ್ನುವ ಮಾತನ್ನು ಪಾರ್ಕಿಂಗ್ ಜಗಳದಲ್ಲಿ ಕೇಳಿಯೇ ಇರುತ್ತೀರಿ. 2017ರಲ್ಲಿ ತೆಲುಗಿನಲ್ಲಿ ನಾನಿ ನಾಯಕನಾಗಿ ‘ನೇನು ಲೋಕಲ್’ ಅಂತ ಸಿನಿಮಾವೇ ಬಂತು. ಇಲ್ಲಿ ಲೋಕಲ್ ಅಂದರೆ ಕಳಪೆ ಅಲ್ಲ, ಬಲ. ಈ ಬೀದಿ ನನ್ನದು, ನಾಲ್ಕು ಜನ ನನ್ನವರಿದ್ದಾರೆ, ಹುಷಾರು ಅಂತ. ಒಬ್ಬನ ಮೇಲೆ ಕೂತು ಕುಗ್ಗಿಸುತ್ತಿದ್ದ ಪದ ಇನ್ನೊಬ್ಬನ ಮೇಲೆ ಕೈ ಎತ್ತುವ ಪದವಾಯಿತು, ಅಷ್ಟೇ. ಆಟೋದವರು ‘ಲೋಕಲ್ಲಾ ನೀವು?’ ಅಂತ ಕೇಳುವಾಗ ಮಾತ್ರ ಇದೇ ಪ್ರಶ್ನೆ ಸ್ವಲ್ಪ ಮೃದುವಾಗುತ್ತದೆ. ಅಲ್ಲಿ ಅದರ ಅರ್ಥ ‘ಕನ್ನಡ ಬರುತ್ತಾ?’ ಅಂತಷ್ಟೇ. ‘ಬರುತ್ತೆ’ ಅಂದರೆ ಮಾತು ಶುರುವಾಗುತ್ತದೆ, ಎಲ್ಲಿ ಹುಟ್ಟಿದಿರಿ ಅಂತ ಯಾರೂ ಕೇಳುವುದಿಲ್ಲ.

ಸರ್ಕಾರ ಕೇಳುತ್ತದೆ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಉದ್ಯಮಗಳ ವಿರೋಧ ಬಂದ ಮೇಲೆ ಒಂದೆರಡು ದಿನದಲ್ಲೇ ತಡೆಹಿಡಿದ ಉದ್ಯೋಗ ಮೀಸಲಾತಿ ಮಸೂದೆ ನೆನಪಿರಬಹುದು. ಅದರಲ್ಲಿ ‘ಸ್ಥಳೀಯ ಅಭ್ಯರ್ಥಿ’ ಅಂದರೆ ಯಾರು ಅಂತ ವಿವರಣೆ ಇತ್ತು: ರಾಜ್ಯದಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲಿ ವಾಸವಿರಬೇಕು, ಕನ್ನಡ ಮಾತಾಡಲು, ಓದಲು, ಸ್ಪಷ್ಟವಾಗಿ ಬರೆಯಲು ಬರಬೇಕು. ಇಲ್ಲಿಯವರಿಗೆ ಇಲ್ಲಿ ಕೆಲಸ ಸಿಗಬೇಕು ಅನ್ನುವ ಬೇಡಿಕೆ ನ್ಯಾಯವಾದದ್ದು. ಸರೋಜಿನಿ ಮಹಿಷಿ ವರದಿಯ ಕಾಲದಿಂದ, ಅಂದರೆ ಎಂಬತ್ತರ ದಶಕದಿಂದ, ಅದು ಹಾಗೇ ನಿಂತಿದೆ. ನಾನು ಹೇಳಹೊರಟಿದ್ದು ಪದದ ವಿಚಿತ್ರ ಸ್ಥಿತಿಯನ್ನು. ಮಸೂದೆಯ ಪುಟದಲ್ಲಿ ಸ್ಥಳೀಯ ಅನ್ನಿಸಿಕೊಳ್ಳಲು ಹುಟ್ಟು, ವಾಸ, ಭಾಷೆ ಮೂರಕ್ಕೂ ದಾಖಲೆ ಒದಗಿಸಬೇಕು. ಆ ದಾಖಲೆ ಹಿಡಿದು ಕೆಲಸಕ್ಕೆ ಸೇರಿದ ಮೇಲೆ, ಅಪ್ರೈಸಲ್ ಕೋಣೆಯಲ್ಲಿ ಲೋಕಲ್ ಅನ್ನಿಸಿಕೊಳ್ಳದೆ ಇರಲು ಆ ಮೂರನ್ನೂ ಬಚ್ಚಿಡಬೇಕು. ಹಕ್ಕು ಕೇಳುವ ಪದವೂ ನಗೆಗೀಡಾಗುವ ಪದವೂ ಒಂದೇ ಆದಾಗ ಕೇಳುವವನ ದನಿಯಲ್ಲೂ ಸ್ವಲ್ಪ ಅಳುಕು ಸೇರಿಕೊಳ್ಳುವುದಿಲ್ಲವೇ?

ದೊಡ್ಡವರು ಬಳಸಿದಾಗ ಇದೇ ಪದ ಹಿಗ್ಗುತ್ತದೆ. 2020ರ ಮೇ ತಿಂಗಳಲ್ಲಿ ಪ್ರಧಾನಿ ‘ವೋಕಲ್ ಫಾರ್ ಲೋಕಲ್’ ಅಂದಾಗ ಲೋಕಲ್ ಅಂದರೆ ಇಡೀ ಭಾರತ. ಇಂದಿರಾನಗರದ ಕೆಫೆಯ ಮೆನುವಿನಲ್ಲಿ ‘ಲೋಕಲಿ ಸೋರ್ಸ್ಡ್’ ಅಂತ ಬರೆದಾಗ ಲೋಕಲ್ ಅಂದರೆ ತಟ್ಟೆಗೆ ಇನ್ನೂರು ರೂಪಾಯಿ ಜಾಸ್ತಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಘೋಷಿಸಿದಾಗ, ಒಂದು ಕಾಲಕ್ಕೆ ಹಾಸ್ಟೆಲಿನಲ್ಲಿ ‘ಮುದ್ದೆ ತಿನ್ನೋ ಲೋಕಲ್’ ಅಂತ ನಗುತ್ತಿದ್ದವರೇ ರಾಗಿ ಬೌಲಿನ ಫೋಟೋ ಹಾಕಿದರು. ರಾಗಿ ಬದಲಾಗಿರಲಿಲ್ಲ. ಹೊರಗಿನಿಂದ ಯಾರೋ ಬೆಲೆ ಕಟ್ಟಿದ ಮೇಲೆ ಲೋಕಲ್ ಪದಕ್ಕಿದ್ದ ಶಾಪ ವಿಮೋಚನೆಯಾಯಿತು. ನಮ್ಮದಕ್ಕೆ ನಾವೇ ಬೆಲೆ ಕಟ್ಟಲು ಬಾರದ ಅಭ್ಯಾಸವೇ ಈ ವಿಶೇಷಣದ ನಿಜವಾದ ಅರ್ಥ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಆದರೆ ಆ ಅಭ್ಯಾಸ ಕನ್ನಡದ್ದಲ್ಲ. ಇದನ್ನು ತಿಳಿಯಲು ಚಿಕನ್ ಅಂಗಡಿಗೆ ಹೋದರೆ ಸಾಕು. ಅಲ್ಲಿ ಎರಡು ಬೋರ್ಡು: ಬ್ರಾಯ್ಲರ್ ಮತ್ತು ನಾಟಿ. ನಾಟಿ ಕೋಳಿ ಅಂದರೆ ಅರ್ಥದಲ್ಲಿ ಲೋಕಲ್ ಕೋಳಿಯೇ, ಈ ಮಣ್ಣಿನದ್ದು. ಅದೇ ದುಬಾರಿ. ನಾಟಿ ಕೊತ್ತಂಬರಿಗೆ ಘಮ ಜಾಸ್ತಿ, ನಾಟಿ ಟೊಮೇಟೊಗೆ ಹುಳಿ ಜಾಸ್ತಿ ಅಂತ ತರಕಾರಿ ಅಜ್ಜಿ ಹೇಳಿ ಹೇಳಿ ಎರಡು ರೂಪಾಯಿ ಜಾಸ್ತಿಯನ್ನೇ ಕೇಳುತ್ತಾಳೆ, ನಾವೂ ಕೊಡುತ್ತೇವೆ. ಹುಬ್ಬಳ್ಳಿ ಧಾರವಾಡದ ಕಡೆ ಹೋದರೆ ಇದೇ ಜವಾರಿ. ಜವಾರಿ ಕೋಳಿ, ಜವಾರಿ ಬೆಳ್ಳುಳ್ಳಿ. ಕೊನೆಗೆ ಮಾತು ನೇರವಾಗಿ, ಗಟ್ಟಿಯಾಗಿ ಇದ್ದರೆ ಜವಾರಿ ಮಾತು. ಕರಾವಳಿಯಲ್ಲಿ ಊರ ಕೋಳಿ. ಊರು ಅನ್ನುವ ಪದವೇ ಅಲ್ಲಿ ಗುಣಮಟ್ಟದ ಮುದ್ರೆ. ಲೋಕಲ್ ಅನ್ನುವುದನ್ನೇ ಕನ್ನಡದಲ್ಲಿ ಹೇಳಿದ ಕೂಡಲೇ ಬೆಲೆ ಏರುತ್ತದೆ, ಗಮನಿಸಿದಿರಾ? ‘ಲೋಕಲ್ ಕೋಳಿ’ ಅಂತ ಬೋರ್ಡು ಬರೆದು ನೋಡಿ, ಯಾರೂ ಕೊಳ್ಳುವುದಿಲ್ಲ.

ಇದು ಇವತ್ತಿನ ಅಂಗಡಿಯ ಬುದ್ಧಿಯಷ್ಟೇ ಅಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆ ಹೇಳಿದ ಮೇಲೆ ಅದರೊಳಗಿನ ತಿರುಳುಗನ್ನಡದ ಜಾಗವನ್ನೂ ಹೆಸರು ಹಿಡಿದು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಆ ಕಡೆಯವು. ಹತ್ತನೇ ಶತಮಾನದಲ್ಲಿ ಪಂಪ ತನ್ನ ಭಾರತದಲ್ಲಿ, ತಾನು ಬರೆದದ್ದು ಪುಲಿಗೆರೆಯ ತಿರುಳುಗನ್ನಡದಲ್ಲಿ ಅಂತ ಹೇಳಿಕೊಳ್ಳುತ್ತಾನೆ. ಅವನು ಆಗ ಇದ್ದದ್ದು ಅರಿಕೇಸರಿಯ ಆಸ್ಥಾನದಲ್ಲಿ, ಈಗಿನ ತೆಲಂಗಾಣದ ವೇಮುಲವಾಡದಲ್ಲಿ. ಅಂದರೆ ಆನ್‌ಸೈಟ್‌ನಲ್ಲಿದ್ದವನೇ ಅನ್ನಿ! ವ್ಯಾಸಭಾರತದ ಕಥೆ ಹೇಳುವ ಮಹಾಕವಿ, ಸಂಸ್ಕೃತದ ಪಾಂಡಿತ್ಯ ಬೇಕಾದಷ್ಟು ಇದ್ದವನು, ತನ್ನ ಕನ್ನಡ ಇಂಥ ಊರಿನದು ಅಂತ ವಿಳಾಸ ಕೊಟ್ಟ. ಅವನ ಪಾಲಿಗೆ ಊರಿನ ಹೆಸರೇ ಕಂಪನಿ ಗ್ಯಾರಂಟಿ. ‘ಕಮ್ಯುನಿಕೇಶನ್ ಸ್ವಲ್ಪ ಪುಲಿಗೆರೆ’ ಅಂತ ಅರಿಕೇಸರಿ ಅವನ ಅಪ್ರೈಸಲ್‌ನಲ್ಲಿ ಬರೆದಿದ್ದರೆ ಪಂಪ ಅದನ್ನು ಹೊಗಳಿಕೆ ಅಂತಲೇ ಓದಿಕೊಳ್ಳುತ್ತಿದ್ದ.

ಈ ಬುದ್ಧಿಯನ್ನು ಈಗ ಕಾನೂನೂ ಒಪ್ಪಿದೆ. ನಮ್ಮಲ್ಲಿ ಭೌಗೋಳಿಕ ಸೂಚಿಕೆಗಳ ಕಾಯ್ದೆ 1999ರಲ್ಲಿ ಆಗಿ 2003ರಿಂದ ಜಾರಿಯಲ್ಲಿದೆ. ಜಿಐ ಟ್ಯಾಗ್ ಅಂತೀವಲ್ಲ, ಅದು. ಆ ಕಾಯ್ದೆಯ ಸಾರ ಒಂದೇ ಮಾತು: ಕೆಲವು ವಸ್ತುಗಳ ಗುಣ ಅವು ಹುಟ್ಟಿದ ಜಾಗದಿಂದಲೇ ಬರುತ್ತದೆ, ಆದ್ದರಿಂದ ಆ ಜಾಗದ ಹೆಸರನ್ನು ಬೇರೆಯವರು ಕದಿಯುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ನಂಜನಗೂಡು ರಸಬಾಳೆ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಉಡುಪಿಯ ಮಟ್ಟು ಗುಳ್ಳ. ಮಟ್ಟು ಒಂದು ಸಣ್ಣ ಹಳ್ಳಿ. ಆ ಹಳ್ಳಿಯ ಬದನೆಕಾಯಿಗೆ ಸಂಸತ್ತು ಮಾಡಿದ ಕಾಯ್ದೆಯ ರಕ್ಷಣೆ ಇದೆ. ಬದನೆಕಾಯಿಗೆ ಸಿಕ್ಕ ಮರ್ಯಾದೆ ಆ ಹಳ್ಳಿಯ ಹುಡುಗನ ಇಂಗ್ಲಿಷಿಗೆ, ಅವನ ಶರ್ಟಿಗೆ, ಅವನ ಮದುವೆ ಮನೆಯ ಹಾಡಿಗೆ ಸಿಗುವುದು ಮಾತ್ರ ಇನ್ನೂ ಬಾಕಿ.

ಹಾಗಿದ್ದರೆ ಲೋಕಲ್ ಬದಲು ‘ಸ್ಥಳೀಯ’ ಅಂದುಬಿಟ್ಟರೆ ಸರಿಹೋಗುತ್ತದಾ? ನನಗೆ ಅನುಮಾನ. ಪತ್ರಿಕೆಯ ವರದಿಗಳನ್ನು ನೋಡಿ: ‘ಸ್ಥಳೀಯರು ಪೊಲೀಸರಿಗೆ ಮಾಹಿತಿ ನೀಡಿದರು’, ‘ಸ್ಥಳೀಯರ ನೆರವಿನಿಂದ ಶವ ಹೊರತೆಗೆಯಲಾಯಿತು’. ಪ್ರವಾಸಿಗರಿಗೆ ಹೆಸರು, ವಯಸ್ಸು, ಕಂಪನಿ ಎಲ್ಲ ಇರುತ್ತದೆ. ಜಲಪಾತಕ್ಕೆ ಇಳಿದು ಅವರನ್ನು ಎತ್ತಿ ತಂದವರು ಬರೀ ಸ್ಥಳೀಯರು. ಬೈಗುಳ ಅಲ್ಲ, ಆದರೆ ಹೆಸರೂ ಇಲ್ಲ. ಆ ಗ್ಯಾರೇಜಿನ ಪಾರ್ಟಿನ ಹಾಗೆಯೇ.

ನನಗೆ ಬೇಕೆನಿಸುವ ಪದ ಇನ್ನೂ ಸರಳವಾದದ್ದು. ಕನ್ನಡದಲ್ಲಿ ಜಾಗದ ಬಗ್ಗೆ ಮಾತಾಡುವಾಗ ನಾವು ಎಲ್ಲಿ ನಿಂತು ಮಾತಾಡುತ್ತಿದ್ದೇವೆ ಅಂತ ಹೇಳಲೇಬೇಕಾಗುತ್ತದೆ. ಒಂದೋ ‘ಇಲ್ಲಿಯವರು’, ಇಲ್ಲಾ ‘ಅಲ್ಲಿಯವರು’. ಇಲ್ಲಿಯವರು ಅಂದರೆ ನಾನೂ ಈ ಜಾಗದಲ್ಲೇ ನಿಂತಿದ್ದೇನೆ. ಅಲ್ಲಿಯವರು ಅಂದರೆ ನಾನು ದೂರದಿಂದ ನೋಡುತ್ತಿದ್ದೇನೆ. ಎರಡರಲ್ಲೂ ಒಂದು ಪ್ರಾಮಾಣಿಕತೆ ಇದೆ. ಲೋಕಲ್ ಅನ್ನುವ ವಿಶೇಷಣ ಈ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಡುತ್ತದೆ. ‘ಇಲ್ಲಿಯವರು ಕಳಪೆ’ ಅಂತ ಬಾಯಿ ಬಿಟ್ಟು ಹೇಳಲು ನಮಗೆ ನಾಚಿಕೆಯಾಗುತ್ತದೆ. ‘ತುಂಬಾ ಲೋಕಲ್’ ಅಂದರೆ ಅದೇ ಅರ್ಥ, ನಾಚಿಕೆ ಮಾತ್ರ ಇಲ್ಲ. ಜೊತೆಗೆ, ಹೇಳಿದವರು ಯಾವ ಊರಿನವರೂ ಅಲ್ಲ ಅನ್ನುವ ಒಂದು ಗತ್ತು ಬೋನಸ್ಸು.

ಆದರೆ ಯಾವ ಊರಿನವರೂ ಅಲ್ಲದೆ ಇರುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಬಿಬಿಎಂಪಿಯ 198 ವಾರ್ಡುಗಳ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಈ ಮಹಾನಗರ ಒಬ್ಬ ಕಾರ್ಪೊರೇಟರೂ ಇಲ್ಲದೆ ನಡೆಯಿತು. ನಮ್ಮ ಲಂಚ್ ಟೇಬಲ್ಲಿನಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ ಎರಡು ಸಲ ಚರ್ಚೆಯಾಯಿತು. ‘ಲೋಕಲ್ ಬಾಡಿ’ ಚುನಾವಣೆ ಯಾಕಾಗಿಲ್ಲ ಅಂತ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ. ಗುಂಡಿಗೆ ಬಿದ್ದಾಗ ಮಾತ್ರ ಬೈದೆವು. ಲೋಕಲ್ ಪಾಲಿಟಿಕ್ಸ್ ಅಂದರೆ ಕೊಳಕು ಪಾಲಿಟಿಕ್ಸ್ ಅಂತ ಪದವೇ ಮೊದಲು ತೀರ್ಮಾನಿಸಿಬಿಟ್ಟಿದ್ದಾಗ ಇನ್ನು ಕೇಳುವುದೇನನ್ನು?

ಪದಗಳನ್ನು ನಿಷೇಧಿಸಬೇಕು ಅನ್ನುವವನಲ್ಲ ನಾನು. ಗ್ಯಾರೇಜಿನವನು ‘ಲೋಕಲ್ ಹಾಕ್ಲಾ’ ಅಂತ ಕೇಳುತ್ತಲೇ ಇರುತ್ತಾನೆ, ಅವನಿಗೆ ಭಾಷಾಶಾಸ್ತ್ರ ಹೇಳಲು ಹೋದರೆ ಬ್ರೇಕ್ ಕೆಲಸ ನಿಂತುಹೋಗುತ್ತದೆ. ಆದರೆ ಮನುಷ್ಯರ ಬಗ್ಗೆ ಹೇಳುವಾಗ ಒಂದು ಚಿಕ್ಕ ಪರೀಕ್ಷೆ ಸಾಧ್ಯ. ಬಾಯಿಗೆ ಲೋಕಲ್ ಬಂದಾಗ ಅದರ ಜಾಗದಲ್ಲಿ ನಿಜವಾಗಿ ಹೇಳಬೇಕೆಂದಿದ್ದ ಮಾತನ್ನಿಟ್ಟು ನೋಡುವುದು. ಕಳಪೆ ಅನ್ನಬೇಕಿದ್ದರೆ ಕಳಪೆ ಅನ್ನೋಣ, ಒರಟು ಅನ್ನಬೇಕಿದ್ದರೆ ಒರಟು, ಗದ್ದಲ ಅನ್ನಬೇಕಿದ್ದರೆ ಗದ್ದಲ. ಆಗ ಎದುರಿನವನು ಒಪ್ಪಬಹುದು, ಜಗಳಕ್ಕೆ ಬರಬಹುದು, ತಿದ್ದಿಕೊಳ್ಳಬಹುದು. ಇಡುವುದಕ್ಕೆ ಬೇರೆ ಪದವೇ ಸಿಗದಿದ್ದರೆ, ನಮ್ಮ ತಕರಾರು ಅವನ ಊರಿನ ಬಗ್ಗೆಯೇ ಅಂತ ಗೊತ್ತಾಗುತ್ತದೆ. ಅದು ಗೊತ್ತಾಗುವುದೂ ಒಳ್ಳೆಯದೇ.

ಕಾಲೇಜಿಗೆ, ಕೆಲಸಕ್ಕೆ, ಬ್ಯಾಂಕಿಗೆ ಅಂತ ನಾವೆಲ್ಲ ತುಂಬಿರುವ ಅರ್ಜಿಗಳಲ್ಲಿ ಎರಡು ವಿಳಾಸದ ಕಾಲಂ ಇರುತ್ತದೆ, ಲೋಕಲ್ ಅಡ್ರೆಸ್ ಮತ್ತು ಪರ್ಮನೆಂಟ್ ಅಡ್ರೆಸ್. ಬಿಟ್ಟು ಬಂದ ಮನೆ ಪರ್ಮನೆಂಟ್; ದಿನಾ ಬೀಗ ತೆಗೆದು ಒಳಗೆ ಹೋಗುವ, ನೀರಿನ ಬಿಲ್ಲು ಕಟ್ಟುವ, ಕೆಳಮನೆಯ ಆಂಟಿ ಹಬ್ಬದ ದಿನ ಒಬ್ಬಟ್ಟು ಕೊಟ್ಟು ಕಳಿಸುವ ಮನೆ ಲೋಕಲ್. ಪದವೇನೋ ಅಲ್ಲಿ ಸರಿಯಾಗಿಯೇ ಕೂತಿದೆ. ಈಗ ಇರುವ ಜಾಗ, ಕಾಗದ ಬರೆದರೆ ತಲುಪುವ ಜಾಗ. ಆ ಅರ್ಥದಲ್ಲಿ ಈ ಊರಿನಲ್ಲಿ ಬಾಡಿಗೆಗಿರುವ ನಾವೆಲ್ಲರೂ ಲೋಕಲ್ಲೇ, ಕೊಳ್ಳೇಗಾಲದಿಂದ ಬಂದವರೂ, ಕಾನ್ಪುರದಿಂದ ಬಂದವರೂ. ಆ ಕಾಲಂ ತುಂಬುವಾಗ ಯಾರ ಕೈಯೂ ನಡುಗುವುದಿಲ್ಲ.